ಪಿಂಟೊ ಮನೆಯ ಚಪಾತಿ

ಮದುವೆಯಾದರೂ ನಾನು ಹೆಸರು ಬದಲಿಸಲಿಲ್ಲ ಎಂದು ಅಕ್ಸ್‌ಬ್ರಿಡ್ಜಿನ ಆಫೀಸಿನಲ್ಲಿ ಹೇಳಿಕೊಂಡು ತಿರುಗಿದವಳು ನಾನು. ಕಿರಿಯ ಹುಡುಗಿಯರು ಮೆಚ್ಚಿ ನೋಡುತ್ತಿದ್ದರು. ಹುಟ್ಟಿದ್ದು ಜೂಡಿತ್ ಪಿಂಟೊ ಆಗಿ, ಕಟ್ಟಿಕೊಂಡದ್ದು ವಿಲ್‌ಫ್ರೆಡ್ ಪಿಂಟೊನನ್ನು ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೇಳಿದವಳು ಹ್ಯಾರೋದಲ್ಲಿ ನಮ್ಮ ಪಕ್ಕದ ಮನೆಯ ಬ್ರೈಡಿ, ಐರ್ಲೆಂಡಿನ ಮುದುಕಿ. ಹಲ್ಲುನೋವಿಗೆ ಪ್ರಾರ್ಥನೆ ಬರೆದ ಚೀಟಿಯನ್ನು ಕೋಟಿನೊಳಗೆ ಹೊಲಿದುಕೊಂಡೇ ದಂತವೈದ್ಯರ ಬಳಿ ಹೋಗುವವಳು. ಅವಳ ಮೊಮ್ಮಗನ ಮಗುವಿಗೆ ನಾಯಿಕೆಮ್ಮು. ಡಾಕ್ಟರು ಔಷಧ ಕೊಟ್ಟಾಗಿತ್ತು, ಅಪಾಯವಿರಲಿಲ್ಲ. ಕೆಮ್ಮು ಮಾತ್ರ ಬಿಟ್ಟಿರಲಿಲ್ಲ. ಮದುವೆಗೆ ಮೊದಲೇ ಗಂಡಹೆಂಡಿರ ಮನೆತನದ ಹೆಸರು ಒಂದೇ ಆಗಿದ್ದ ಮನೆಯ ರೊಟ್ಟಿ ತಿಂದರೆ ಅದು ಹೋಗುತ್ತದೆ ಎಂಬುದು ಅವಳ ಊರಿನ ನಂಬಿಕೆ. ಆದರೆ ಕಾಸು ಕೊಡಬಾರದು, ಥ್ಯಾಂಕ್ಸ್ ಅನ್ನಬಾರದು. ಅಂದುಬಿಟ್ಟರೆ ಮದ್ದು ಹಿಡಿಯುವುದಿಲ್ಲ.

ನನ್ನ ಕೈಯಲ್ಲಿ ಮದ್ದಿದೆ ಎಂದು ಉಬ್ಬಿಹೋದೆ. ಚಪಾತಿ ಮಾಡಿ ಕೊಟ್ಟೆ. ಕೆಮ್ಮು ಇಳಿಯಿತು, ಇಳಿಯುವ ಕಾಲವೂ ಬಂದಿತ್ತು ಅನ್ನಿ. ಸುದ್ದಿ ಬ್ರೈಡಿಯ ಚರ್ಚಿನ ತುಂಬ ಹಬ್ಬಿ, ಶನಿವಾರ ಬೆಳಿಗ್ಗೆ ಬಾಗಿಲ ಗಂಟೆ ಬಾರಿಸತೊಡಗಿತು. ಬರುತ್ತಿದ್ದರು, ತೆಗೆದುಕೊಂಡು ಮಾತಿಲ್ಲದೆ ಹೋಗುತ್ತಿದ್ದರು. ಅದೇನೂ ನನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಉಂಡು ಎದ್ದವರೂ ಇಷ್ಟು ವರ್ಷ ಇದೇ ನಿಯಮ ಪಾಲಿಸಿದ್ದಾರೆ.

ತೊಂದರೆಯೆಂದರೆ, ಶನಿವಾರದ ಅಡುಗೆ ವಿಲ್‌ಫ್ರೆಡ್‌ನದು. ಆ ಒಂದು ದಿನದ ಬಿಡುವನ್ನು ನಾನು ಜಗಳವಾಡಿ, ಮಾತು ಬಿಟ್ಟು, ಒಮ್ಮೆ ಉಪವಾಸ ಕೂತು ಗಳಿಸಿದ್ದೆ. ಈಗ ಮತ್ತೆ ಲಟ್ಟಣಿಗೆ ನನ್ನ ಕೈಯಲ್ಲಿ. ಹೇಗೂ ಹಿಟ್ಟು ಕಲಸಿದೆನಲ್ಲ ಎಂದು ಪಲ್ಯವನ್ನೂ ನಾನೇ ಮಾಡುತ್ತಿದ್ದೆ.

"ನಾನು ಮಾಡ್ತಿದ್ದೆ ಮಾರಾಯ್ತಿ, ಆದ್ರೆ ಕೈಗುಣ ನಿಂದಲ್ವಾ?" ಎಂದು ವಿಲ್‌ಫ್ರೆಡ್ ಸೋಫಾದಿಂದಲೇ ಹೇಳಿದ.

ಕೊನೆಗೆ ಬ್ರೈಡಿಯ ಎದುರು, ನನ್ನ ಶನಿವಾರ ನನಗೆ ವಾಪಸ್ ಬೇಕು ಎಂದು ಗೋಳಾಡಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ನಿನ್ನ ಗಂಡ ಕೊಟ್ಟರೂ ಆಗುತ್ತದೆ. ಇಬ್ಬರಲ್ಲಿ ಯಾರ ಕೈಯಾದರೂ ಸರಿ. ನೀನು ಕೇಳಲೇ ಇಲ್ಲವಲ್ಲ, ಮಗಳೇ."

ಕೇಳಿರಲಿಲ್ಲ. ಆಫೀಸಿನಲ್ಲಿ ಭಾಷಣ ಬಿಗಿಯುವವಳು, ರೊಟ್ಟಿ ಎಂದ ಕೂಡಲೇ ನನ್ನನ್ನೇ ಕರೆದರು ಅಂದುಕೊಂಡು ಒಲೆಯ ಹತ್ತಿರ ಓಡಿದ್ದೆ.

ಮುಂದಿನ ಶನಿವಾರ ವಿಲ್‌ಫ್ರೆಡ್ ಲಟ್ಟಿಸಿದ. ಚಪಾತಿಯ ಒಂದಂಚು ಕಾಗದ, ಇನ್ನೊಂದಂಚು ಕಾಲೊರಸು. ತಿದ್ದಲು ಕೈ ತುರಿಸಿತು. ಕೈ ಕಟ್ಟಿ ಕೂತೆ. ಕೆಮ್ಮುವ ಮಗುವನ್ನೆತ್ತಿಕೊಂಡು ಪಿನ್ನರ್‌ನಿಂದ ಬಂದ ತಾಯಿಯೊಬ್ಬಳು ಅದನ್ನು ತೆಗೆದುಕೊಂಡು ತುಟಿ ಬಿಚ್ಚದೆ ಹೊರಟುಹೋದಳು. ವಿಲ್‌ಫ್ರೆಡ್ ಬಾಗಿಲು ಹಿಡಿದು ನಿಂತೇ ಇದ್ದ.

"ಒಂದು ಒಳ್ಳೆ ಮಾತಾದ್ರೂ ಹೇಳ್ಬಹುದಿತ್ತು, ಜೂಡಿ."

ಚೆನ್ನಾಗಿತ್ತು ಎನ್ನಲು ಬಾಯಿ ತೆರೆದೆ. ಆ ಮಗುವಿನ ಕೆಮ್ಮು ನೆನಪಾಗಿ ಮುಚ್ಚಿಕೊಂಡೆ.