ನಾಪ್ಲಾಳ ನೆತ್ತಿಗೆ ಬಿದ್ದ ನೀರು

ಕಾನಮಾರಾ ಕಡಲತೀರದ ನಮ್ಮ ಮೂಲೆಯಲ್ಲಿ ನಾಪ್ಲಾಳ ಕೈಗೆ ಬೀಳದೆ ನೇರವಾಗಿ ಭೂಮಿಗೆ ಬಿದ್ದವರು ಕಡಿಮೆ. ಸೂಲಗಿತ್ತಿ ನಾಪ್ಲಾ ಎಂದರೆ ಒಂದು ಕಪ್ಪು ಶಾಲು, ಒಂದು ಕತ್ತರಿ, ಜೇಬಿನಲ್ಲಿ ಬಿರಡೆ ಹಾಕಿದ ಒಂದು ಪುಟ್ಟ ಸೀಸೆ ನೀರು. ಕತ್ತರಿ ಮರೆತು ಬಂದದ್ದುಂಟು, ಸೀಸೆ ಮರೆತದ್ದಿಲ್ಲ. ಮಗು ನೀಲಿಗಟ್ಟಿದರೆ, ಉಸಿರು ತಡವರಿಸಿದರೆ, ಅಥವಾ ಸುಮ್ಮನೆ ಅದರ ಮೋರೆ ಅವಳಿಗೆ ಸರಿಕಾಣದಿದ್ದರೆ, ಪಾದ್ರಿಗಾಗಿ ಕಾಯುವ ಮಾತಿಲ್ಲ. ನೆತ್ತಿಗೆ ಮೂರು ಸಲ ನೀರು ಹುಯ್ದು, ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ ಜ್ಞಾನಸ್ನಾನ ಮುಗಿಸಿಬಿಡುತ್ತಿದ್ದಳು. ತುರ್ತಿನಲ್ಲಿ ಅದನ್ನು ಯಾರು ಬೇಕಾದರೂ ಕೊಡಬಹುದೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆಲ್ಲ ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿಸಿದ್ದರು.

ಹೀಗೆ ಅವಳು ಸ್ವರ್ಗದ ಬಾಗಿಲು ತೆರೆದುಕೊಟ್ಟ ಮಕ್ಕಳು ನಲವತ್ತೊಂದು. ಅದರಲ್ಲೊಂದು ದೀಪಸ್ತಂಭ ಕಾಯುವವನ ಪ್ರಾಟೆಸ್ಟೆಂಟ್ ಮಗು. ತಾಯಿ ಗೋಡೆಯ ಕಡೆ ಹೊರಳುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಆ ಮಗು ಗುಂಡುಕಲ್ಲಿನ ಹಾಗಿತ್ತಲ್ಲೇ!" ಎಂದು ಯಾರೋ ಕೇಳಿದ್ದಕ್ಕೆ, "ಮೈಗೇನೂ ಆಗಿರ್ಲಿಲ್ಲ, ಮನೆತನಕ್ಕೆ ಆಗಿತ್ತು" ಎಂದಿದ್ದಳು.

ನಾಪ್ಲಾಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದವನೊಬ್ಬ ಅವಳಿ ತಮ್ಮ, ಮಾಕ್‌ದಾರಾ. ಏಳು ತಿಂಗಳಿಗೇ ಹುಟ್ಟಿದ ಜೋಡಿ ಅದು. ಹಿಮ ಬಿದ್ದು ದಾರಿ ಮುಚ್ಚಿತ್ತು, ಪಾದ್ರಿ ಕೊಲ್ಲಿಯ ಆಚೆ ಸಿಕ್ಕಿಕೊಂಡಿದ್ದರು. ಅಪ್ಪನ ತಂಗಿ ಸೊರಹಾ ಅತ್ತೆ ಇಬ್ಬರ ನೆತ್ತಿಗೂ ನೀರು ಹುಯ್ದಳು. ನಾಪ್ಲಾ ಉಳಿದಳು. ಮಾಕ್‌ದಾರಾ ಒಂದು ಗಂಟೆ ಇದ್ದು ಹೋದ. ಜ್ಞಾನಸ್ನಾನವಾಗಿದ್ದರಿಂದ ಅವನಿಗೆ ಚರ್ಚಿನ ಅಂಗಳದಲ್ಲೇ ಜಾಗ ಸಿಕ್ಕಿತು. ಆಗದ ಕೂಸುಗಳನ್ನು ಕಡಲಂಚಿನ ಬಯಲಲ್ಲಿ ಹೆಸರಿಲ್ಲದ ಕಲ್ಲಿನ ಕೆಳಗೆ ಇಡುವುದು ನಮ್ಮ ಪದ್ಧತಿ. ಅವು ಹೋಗುವುದು ಸ್ವರ್ಗದ ಹೊರಜಗಲಿಗೆ, ನೋವೂ ಇಲ್ಲ, ದೇವರೂ ಇಲ್ಲ ಎನ್ನುತ್ತಿದ್ದರು ಸಿಸ್ಟರುಗಳು. ನಾಪ್ಲಾ ಪ್ರತಿ ಭಾನುವಾರ ಪೂಜೆ ಮುಗಿಸಿ, ರೊಟ್ಟಿಯಷ್ಟಗಲದ ಆ ಪುಟ್ಟ ಕಲ್ಲಿನ ಪಕ್ಕ ಕೂತು ತಮ್ಮನಿಗೆ ವಾರದ ಸುದ್ದಿ ಒಪ್ಪಿಸುತ್ತಿದ್ದಳು: ಯಾರ ಹಸು ಈಯಿತು, ಯಾರ ದೋಣಿ ಸೋರಿತು, ಯಾರ ಬಾಯಿ ಸೋರಿತು. ಸ್ವರ್ಗದಲ್ಲಿ ಅವನು ತನಗೊಂದು ಕುರ್ಚಿ ಹಿಡಿದಿಟ್ಟಿದ್ದಾನೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಸಾವಿರದ ಒಂಬೈನೂರ ಅರವತ್ತೊಂದರ ಮಾರ್ಚಿನಲ್ಲಿ, ನಾಪ್ಲಾಗೆ ಅರವತ್ತೆಂಟಾಗಿದ್ದಾಗ, ತೊಂಬತ್ತು ದಾಟಿದ ಸೊರಹಾ ಅತ್ತೆ ಹಾಸಿಗೆ ಹಿಡಿದಳು. ಫಾದರ್ ಟ್ಯಾನಿಯನ್ ಬೆಳಿಗ್ಗೆಯೇ ಬಂದು ಪಾಪನಿವೇದನೆ ಕೇಳಿ, ಸಾಯುವವರಿಗೆ ಎಣ್ಣೆ ಹಚ್ಚುವ ಕೊನೆಯ ಅಭ್ಯಂಗ ಮುಗಿಸಿ ಎಣ್ಣೆಯ ಡಬ್ಬಿ ಮುಚ್ಚುತ್ತಿದ್ದರು. ಮುದುಕಿ ಕಣ್ಣು ಬಿಟ್ಟಳು.

"ನಾಪ್ಲಾ, ಒಂದು ಹೇಳೋದು ಮರ್ತಿದ್ದೆ ಕಣೇ. ಅವತ್ತು ನಿಮ್ಮಿಬ್ಬರಿಗೆ ಹುಯ್ದೆನಲ್ಲ, ಅದು ನೀರಲ್ಲ. ಕೋಲ್ಮನ್ ಮನೇದು."

"ಕೋಲ್ಮನ್ ಮನೇದು ಅಂದ್ರೆ?"

"ಅವನ ಕಳ್ಳಭಟ್ಟಿ ಕಣೇ, ಪೊಟೀನ್. ಅದಕ್ಕೇ ನೀವಿಬ್ರೂ ಅಳ್ಲಿಲ್ಲ, ತುಟಿ ಚಪ್ಪರಿಸಿದ್ರಿ."

ಫಾದರ್ ಕೈಯ ಡಬ್ಬಿ ಕೆಳಗೆ ಬಿತ್ತು. "ಇದನ್ನ ಪಾಪನಿವೇದನೆಲಿ ಹೇಳ್ಬಾರ್ದಿತ್ತೇನಮ್ಮಾ!"

"ಪಾಪ ಎಲ್ಲಿ ಬಂತು ಫಾದರ್, ಎಡವಟ್ಟು ಅಷ್ಟೇ," ಎಂದಳು ಸೊರಹಾ. ಅರವತ್ತೆಂಟು ವರ್ಷದ ಭಾರ ಇಳಿಸಿ ಮಧ್ಯಾಹ್ನದ ಹೊತ್ತಿಗೆ ಹಗುರಾಗಿ ಹೊರಟೇಹೋದಳು. ಭಾರ ನಾಪ್ಲಾಳ ತಲೆಗೆ ಬಂತು.

ಆಗಿದ್ದಿಷ್ಟು. ಆ ಕಾಲದಲ್ಲಿ ಪೊಲೀಸರು ಮನೆಮನೆ ಹೊಕ್ಕು ಕಳ್ಳಭಟ್ಟಿ ಪೊಟೀನ್ ಮೂಸಿ ಹುಡುಕುತ್ತಿದ್ದರು. ನಾಪ್ಲಾಳ ಅಪ್ಪ ಅದನ್ನು ಮೇರಿ ಮಾತೆಯ ಪಟದ ಬುಡದಲ್ಲಿ ತೀರ್ಥದ ಸೀಸೆಯ ಪಕ್ಕ ಅಂಥದೇ ಇನ್ನೊಂದು ಸೀಸೆಯಲ್ಲಿ ತುಂಬಿಟ್ಟಿದ್ದ. ಪೊಲೀಸರೂ ಭಕ್ತರೇ, ಸೀಸೆ ಕಂಡರೆ ಶಿಲುಬೆ ಗುರುತು ಮಾಡಿಕೊಂಡು ಹೊರಬೀಳುತ್ತಿದ್ದರು. ಗಡಿಬಿಡಿಯಲ್ಲಿ ಸೊರಹಾ ಪಕ್ಕದ್ದನ್ನು ಎಳೆದಳು. ದುಃಖ ಮರೆಯಲೆಂದು ಅಪ್ಪ ಸೀಸೆ ಎತ್ತಿದಾಗಲೇ ಅದು ಅರ್ಧ ಖಾಲಿಯಾದದ್ದು ತಿಳಿದದ್ದು. ಅಷ್ಟರಲ್ಲಿ ಚರ್ಚಿನ ಅಂಗಳದಲ್ಲಿ ಗುಂಡಿ ತೋಡಿಯಾಗಿತ್ತು. ಅಣ್ಣತಂಗಿ ಇಬ್ಬರೂ ಬಾಯಿಗೆ ಬಿರಡೆ ಹಾಕಿಕೊಂಡರು.

ಫಾದರ್ ದಪ್ಪ ಲ್ಯಾಟಿನ್ ಪುಸ್ತಕ ತೆಗೆದರು. ಜ್ಞಾನಸ್ನಾನಕ್ಕೆ ನಿಜವಾದ ನೀರೇ ಆಗಬೇಕು. ತಿಳಿಸಾರು ಆದೀತು, ಗಟ್ಟಿಸಾರು ಆಗದು. ತೆಳ್ಳನೆಯ ಚಹಾ ಸಂಶಯ. ವೈನು ಖಂಡಿತ ಇಲ್ಲ.

"ನಿಂದೇನೂ ಕಷ್ಟ ಇಲ್ಲಮ್ಮ," ಎಂದರು. "ನೀನು ಮಾಡಿಸಿದ ನಲವತ್ತೊಂದೂ ಊರ್ಜಿತ. ಕೊಡೋರಿಗೆ ಆಗಿರ್ಲೇಬೇಕು ಅಂತೇನಿಲ್ಲ. ನಿನಗೆ ಈಗ ಹೊಸದಾಗಿ ಕೊಟ್ರಾಯ್ತು, ಎರಡು ನಿಮಿಷ. ಹುಟ್ಟಿದಾಗಿನಿಂದ ಮಾಡಿದ್ದೆಲ್ಲ ತೊಳ್ಕೊಂಡು ಹೋಗತ್ತೆ, ನಿವೇದನೇನೂ ಬೇಡ."

"ಮಾಕ್‌ದಾರಾಗೆ?"

ಫಾದರ್ ಪುಟ ತಿರುಗಿಸಿದರು. ಮತ್ತೆ ತಿರುಗಿಸಿದರು. "ದೇವರು ಕರುಣಾಮಯಿ," ಎಂದರು ಕೊನೆಗೆ.

"ಪುಸ್ತಕದಲ್ಲಿ ಏನೂ ಸಿಗದಿದ್ದಾಗ ನೀವು ಹೀಗೇ ಹೇಳೋದು. ನಾವಿಬ್ರೂ ಒಂದೇ ಸೀಸೆಯವರು ಫಾದರ್. ಅವನಿಗಿಲ್ಲದ್ದು ನನಗೂ ಬೇಡ. ಅವನು ಜಗಲೀಲಿದ್ರೆ ನಾನೂ ಜಗಲೀಗೇ ಹೋಗ್ತೀನಿ."

ಅಂದಿನಿಂದ ಪೂಜೆಯಲ್ಲಿ ಅವಳು ಕೊನೆಯ ಸಾಲಿನ ಹಿಂದೆ, ಬಾಗಿಲ ಬಳಿ, ಯಾರದೋ ಕುರಿನಾಯಿಯ ಪಕ್ಕ ನಿಂತಳು. ಪ್ರಸಾದಕ್ಕೆ ಮುಂದೆ ಹೋಗಲಿಲ್ಲ. ಊರಿಗೆ ಊರೇ ಕತ್ತು ತಿರುಗಿಸಿ ನೋಡಿತು.

ಆದರೆ ಲಿಡನ್ ಅಂಗಡಿಯಲ್ಲಿ ಕುಡಿಯುತ್ತ ಕೂತ ಗಂಡಸರ ಕಿವಿಗೆ ಹತ್ತಿದ್ದು ಬೇರೆಯೇ ಮಾತು: ನಿವೇದನೆಯಿಲ್ಲದೆ ಸಕಲ ಪಾಪವೂ ತೊಳೆದುಹೋಗುತ್ತದೆ! ಒಂದೇ ವಾರದಲ್ಲಿ ಹದಿನಾಲ್ಕು ಜನ ತಮ್ಮ ಮನೆಯಲ್ಲೂ ಸೀಸೆ ಅದಲುಬದಲಾಗಿತ್ತೆಂದು ನೆನಪಿಸಿಕೊಂಡು ಫಾದರ್ ಮನೆ ಬಾಗಿಲು ತಟ್ಟಿದರು. ಅದರಲ್ಲಿ ಬಾರ್ಟ್ಲಿ ಮುದುಕ ಮೊದಲಿಗ. ಕುರಿ ಕದ್ದು ಕದ್ದು ಅವನ ಪಾಪದ ಮಂದೆ ದೊಡ್ಡದಿತ್ತು.

"ನಿನಗೆ ಜ್ಞಾನಸ್ನಾನ ಆಗಿದ್ದು ಚರ್ಚಲ್ಲೇ ಅಲ್ವೇನೋ, ದಾಖಲೆ ಇದೆ!"

"ಚರ್ಚಲ್ಲೇ ಫಾದರ್. ಆದ್ರೆ ಆಗಿನ ಪಾದ್ರಿಗಳ ಮೂಗು ನೀವು ನೋಡಿಲ್ಲ. ಕೆಂಪಗೆ, ಬೆಂದ ಸೀಗಡಿ ಹಾಗೆ."

ಫಾದರ್ ಬಾಗಿಲು ಹಾಕಿ ಮತ್ತೆ ಪುಸ್ತಕಕ್ಕೇ ತಲೆ ಹಾಕಿದರು. ನಾಪ್ಲಾಳನ್ನು ಕರೆಸಿ, ಬೆರಳಿಟ್ಟು ಓದಿದರು: ಬೆರಕೆಯಲ್ಲಿ ನೀರೇ ಜಾಸ್ತಿಯಿದ್ದು, ಜನ ಅದನ್ನು ನೀರೆಂದೇ ಕರೆಯುವ ಹಾಗಿದ್ದರೆ, ಜ್ಞಾನಸ್ನಾನ ನಿಲ್ಲುತ್ತದೆ.

"ಅಂದ್ರೆ ಕೋಲ್ಮನ್ ನೀರು ಬೆರೆಸಿದ್ರೆ ಮಾಕ್‌ದಾರಾ ಒಳಗೆ. ಬೆರೆಸದಿದ್ರೆ ಹೊರಗೆ. ಅಷ್ಟೇ ತಾನೆ?"

"ಒರಟಾಗಿ ಹೇಳೋದಾದ್ರೆ ಹೌದು," ಎಂದರು ಫಾದರ್, ತಾವೇ ಬೆಚ್ಚಿಬಿದ್ದು.

ಕೋಲ್ಮನ್ ಸತ್ತು ನಲವತ್ತು ವರ್ಷ. ಮಗ ಫೆಸ್ಟಿ ಇದ್ದ, ಎಪ್ಪತ್ತರ ಬ್ರಹ್ಮಚಾರಿಯಂಥ ವಿಧುರ. ಅವನಿಗೆ ಹೊಲವಿರಲಿಲ್ಲ, ದೋಣಿಯಿರಲಿಲ್ಲ, ಅಪ್ಪನ ಹೆಸರಿತ್ತು. ಕೋಲ್ಮನ್‌ನ ಪೊಟೀನ್‌ಗೆ ಕಡ್ಡಿ ಗೀರಿದರೆ ನೀಲಿ ಜ್ವಾಲೆ ಏಳುತ್ತಿತ್ತಂತೆ. ಒಬ್ಬ ಬಿಷಪ್ಪರು ಕೆಮ್ಮಿಗೆಂದು ತರಿಸಿಕೊಂಡು, ಕೆಮ್ಮು ಹೋದಮೇಲೂ ತರಿಸಿಕೊಳ್ಳುತ್ತಿದ್ದರಂತೆ. ಫೆಸ್ಟಿ ಇದನ್ನು ಹೇಳದ ದಿನವಿಲ್ಲ.

ನಾಪ್ಲಾ ಹೋಗಿ ವಿಷಯ ಹೇಳಿದಾಗ ಫೆಸ್ಟಿಯ ಮೀಸೆ ನಡುಗಿತು.

"ನೀರಾ? ನಮ್ಮಪ್ಪನಾ? ಮಳೇಲಿ ಸೀಸೆ ಹಿಡ್ಕೊಂಡು ನಡೆಯೋವಾಗ ಬಿರಡೆ ಮೇಲೆ ಟೊಪ್ಪಿ ಮುಚ್ತಿದ್ದ ಕಣೇ ಅವನು!"

"ಒಂದು ಚೂರೂ ಬೆರೆಸಿರ್ಲಿಲ್ವೇನೋ?"

"ಬೆರೆಸಿದ್ದ ಅಂತ ನನ್ನ ಬಾಯಲ್ಲಿ ಬಂದ್ರೆ ಈ ಊರಲ್ಲಿ ನಾನು ಯಾರೇ? ಹೇಳು, ಯಾರು ನಾನು?"

ನಾಪ್ಲಾ ಶಾಲು ಹೊದ್ದು ಎದ್ದಳು. ಮರುದಿನ ಮತ್ತೆ ಹೋದಳು. ಆರು ದಿನ ಹೋದಳು. ಆರು ದಿನವೂ ಫೆಸ್ಟಿ ಅವಳಿಗೆ ಚಹಾ ಕೊಟ್ಟ, ಅಪ್ಪನ ಸೀಸೆಗೆ ನೀರು ಕೊಡಲಿಲ್ಲ. ಆರು ದಿನದಲ್ಲಿ ನಾಪ್ಲಾ ಒಂದು ಮಾತು ಮಾತ್ರ ಎತ್ತಲಿಲ್ಲ. ಫೆಸ್ಟಿಗೊಬ್ಬಳು ಮಗಳು ಹುಟ್ಟಿದ್ದಳು, ಇಪ್ಪತ್ತು ನಿಮಿಷ ಬದುಕಿದ್ದಳು. ಆ ಇಪ್ಪತ್ತರಲ್ಲಿ ಮೊದಲ ನಿಮಿಷದಲ್ಲೇ ನಾಪ್ಲಾಳ ಏಪ್ರನ್ನಿನ ಜೇಬಿನಿಂದ ಸೀಸೆ ಹೊರಬಂದಿತ್ತು. ಮಗುವಿನ ಕಲ್ಲು ಚರ್ಚಿನ ಅಂಗಳದಲ್ಲಿ ಮಾಕ್‌ದಾರಾನಿಂದ ಎರಡು ಕಲ್ಲು ಆಚೆ ಇದೆ.

ಏಳನೆಯ ದಿನ ಭಾನುವಾರ. ಪೂಜೆ ಬಿಟ್ಟು ಜನ ಗೇಟಿನ ಬಳಿ ಪೈಪು ಹೊತ್ತಿಸುತ್ತಿದ್ದರು. ಫೆಸ್ಟಿ ಗೋಡೆಯ ಕಲ್ಲಿನ ಮೇಲೆ ಹತ್ತಿ ನಿಂತು ಟೊಪ್ಪಿ ತೆಗೆದ.

"ನಮ್ಮಪ್ಪ ನೀರು ಬೆರೆಸ್ತಿದ್ದ."

ಪೈಪುಗಳು ಬಾಯಲ್ಲೇ ನಿಂತವು.

"ಎಷ್ಟು?" ಎಂದರು ಫಾದರ್ ಟ್ಯಾನಿಯನ್.

"ಅರ್ಧ." ಬಾಗಿಲ ಬಳಿ ನಾಯಿಯ ಪಕ್ಕ ನಿಂತಿದ್ದ ನಾಪ್ಲಾಳ ಕಡೆ ನೋಡಿದ. "ಅರ್ಧ ಅಲ್ಲ, ಮುಕ್ಕಾಲು. ಮುಕ್ಕಾಲಿಗೂ ಮೇಲೆ."

"ಮತ್ತೆ ನೀಲಿ ಜ್ವಾಲೆ?" ಎಂದಿತು ಗುಂಪಿನಿಂದ ಒಂದು ದನಿ.

"ಸೀಮೆಎಣ್ಣೆ."

ಅಪ್ಪನ ಮಾನ ಹೀಗೆ ನೀರುಪಾಲಾಗುವುದನ್ನು ಎಪ್ಪತ್ತು ಜನ ನಿಂತು ನೋಡಿದರು. ಫಾದರ್ ಮುದುಕರ ಕಡೆ ತಿರುಗಿದರು. "ಕುಡಿದವರು ಹೇಳ್ಬೇಕು. ಅದನ್ನ ನೀರು ಅಂತ ಕರೀಬಹುದಿತ್ತಾ?"

ಬಾರ್ಟ್ಲಿ ಮುಂದೆ ಬಂದ. ಅವನ ಸೋದರಮಾವ ಕೋಲ್ಮನ್ ಪೊಟೀನ್ ಕುಡಿದು ಒಂದು ವಾರ ಕಣ್ಣು ಕಾಣದೆ ಗೋಡೆ ತಡವಿದ್ದು ಊರಿಗೇ ಗೊತ್ತು.

"ನೀರು ಅಂದ್ರೆ ಅದಕ್ಕೆ ಮರ್ಯಾದೆ ಕೊಟ್ಟಂಗೆ ಫಾದರ್. ನಾವು ಅದರಲ್ಲಿ ಮುಖ ತೊಳೀತಿದ್ವಿ."

"ನಿಮ್ಮ ಮಾವನ ಕಣ್ಣು?" ಎಂದರು ಫಾದರ್.

"ವಯಸ್ಸಾಗಿತ್ತಲ್ಲ ಪಾಪ."

ಮಾವನಿಗೆ ಆಗ ಇಪ್ಪತ್ತಾರು. ಬಾರ್ಟ್ಲಿಯ ಹಿಂದೆ ಒಬ್ಬೊಬ್ಬರಾಗಿ ಬಂದು, ಚರ್ಚಿನ ಮೆಟ್ಟಿಲ ಮೇಲೆ ನಿಂತು, ಹಣೆ ಎದೆ ಮುಟ್ಟಿಕೊಂಡು ಹನ್ನೊಂದು ಮುದುಕರು ಸುಳ್ಳು ಹೇಳಿದರು. ಕೋಲ್ಮನ್ ಬದುಕಿದ್ದರೆ ಹನ್ನೊಂದು ಜನರ ಹಲ್ಲೂ ಉದುರುತ್ತಿತ್ತು.

"ಸರಿ, ನೀರೇ," ಎಂದರು ಫಾದರ್. ನಾಪ್ಲಾಳ ಕಡೆ ತಿರುಗಿದರು. "ಹಾಗಾದ್ರೆ ನಿನಗೂ ಆಗಿದೆಯಮ್ಮಾ ಜ್ಞಾನಸ್ನಾನ. ಹೊಸದು ಇಲ್ಲ. ಶನಿವಾರ ನಿವೇದನೆಗೆ ಬಾ, ಎಲ್ಲರ ಹಾಗೆ."

ತಮಗೆ ಸಿಗದ ಪುಕ್ಕಟೆ ತೊಳೆತ ಅವಳಿಗೂ ಸಿಗಲಿಲ್ಲವೆಂದು ಗಂಡಸರಿಗೆ ಎಷ್ಟೋ ಸಮಾಧಾನವಾಯಿತು. ನಾಪ್ಲಾ ಅವರ ಕಡೆ ನೋಡಲೂ ಇಲ್ಲ. ಸೀದಾ ಅಂಗಳಕ್ಕೆ ನಡೆದು, ಪುಟ್ಟ ಕಲ್ಲಿನ ಪಕ್ಕ ಕೂತಳು. ಫೆಸ್ಟಿಯೂ ಬಂದಿದ್ದ, ಎರಡು ಕಲ್ಲು ಆಚೆ, ಟೊಪ್ಪಿ ಕೈಯಲ್ಲೇ ಹಿಡಿದು ಬೆನ್ನು ಮಾಡಿ ನಿಂತಿದ್ದ.

"ಕೇಳಿದ್ಯೇನೋ ಮಾಕ್‌ದಾರಾ," ಎಂದಳು ನಾಪ್ಲಾ, ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ. "ನೀರೇ ಕಣೋ! ಬರೀ ನೀರು! ಕೋಲ್ಮನ್ ಅಂಥ ಮೋಸಗಾರ ಈ ಊರಲ್ಲೇ ಹುಟ್ಟಿಲ್ವಂತೆ, ದೇವರು ಅವನನ್ನ ಚೆನ್ನಾಗಿಟ್ಟಿರ್ಲಿ!"

"ಸ್ವಲ್ಪ ಮೆತ್ತಗೆ ಹೇಳೇ," ಎಂದ ಫೆಸ್ಟಿ, ತಿರುಗದೆಯೇ. "ಅಪ್ಪ ಇಲ್ಲೇ ಪಕ್ಕದಲ್ಲಿ ಮಲಗಿದಾನೆ."