ಶೆಡ್ಡಿನ ಕಿಟಕಿಗೆ ಬಡಿದ ಗೋಣಿಚೀಲ

ಅಂಗಡಿಯ ದೀಪವನ್ನು ನಂಬಿ ನಾನು ಇವತ್ತಿನವರೆಗೂ ಒಂದು ಸೀರೆ ಕೊಂಡಿಲ್ಲ. ಕೊಟ್ಟೂರಿನ ಬಟ್ಟೆ ಅಂಗಡಿಯವರು ನನ್ನನ್ನು ಕಂಡರೆ ಮುಖ ಗಂಟು ಹಾಕುತ್ತಾರೆ. ಸೀರೆ ಎತ್ತಿಕೊಂಡು ಬಾಗಿಲಿಗೆ ಬಂದು ಹೊರಗಿನ ಬೆಳಕಿಗೆ ಹಿಡಿಯುತ್ತೇನೆ. ಒಳಗೆ ಕುಂಕುಮದಂತಿದ್ದದ್ದು ಹೊರಗೆ ಇಟ್ಟಿಗೆ. ದೀಪ ಹಚ್ಚುವವನು ತನ್ನ ಲಾಭ ನೋಡಿಕೊಂಡೇ ಹಚ್ಚುತ್ತಾನೆ. ಸೂರ್ಯ ಯಾರಿಗೂ ಸೀರೆ ಮಾರಬೇಕಿಲ್ಲ.

ಈ ಅನುಮಾನದ ಬುದ್ಧಿ ಸೊಸೆ ರೇಣುಕಾಳ ಮೇಲೂ ತಿರುಗಿತು. ಅವಳು ಊರ ಹೊರಗಿನ ಹೊಲಿಗೆ ಶೆಡ್ಡಿನಲ್ಲಿ ಶಾಲೆ ಮಕ್ಕಳ ಅಂಗಿ ಹೊಲಿಯುತ್ತಾಳೆ. ಅಲ್ಲಿಗೆ ಸೇರಿದ ಮೇಲೆ ರಾತ್ರಿಯ ನಿದ್ದೆ ಹೋಯಿತು, ಹಗಲು ಮಿಷನ್ನಿನ ಮುಂದೆ ತೂಕಡಿಕೆ. ಒಂದು ದಿನ ಸೂಜಿ ಉಗುರಿನೊಳಕ್ಕೇ ಇಳಿಯಿತು. ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಬರಬೇಡ ಎಂದ ಶೆಡ್ಡಿನ ಸಾಹುಕಾರ. ನನಗೋ, ನಿದ್ದೆ ಬಾರದವರು ಏನೋ ಮುಚ್ಚಿಡುತ್ತಾರೆ ಎಂಬ ಗುಮಾನಿ.

“ಯಾರ ಕೂಡ ಮಾತಾಡ್ತೀಲೇ ಫೋನಿನಾಗ?”

“ಯಾರ ಕೂಡ ಮಾತಾಡ್ಲಿ ಅತ್ತಿ? ನಿಮ್ಮ ಮಗ ಗೊರಕಿ ಹೊಡೀತಾರ, ಕೇಳ್ಕೋತ ಬಿದ್ದಿರ್ತೀನಿ.”

ಅವಳ ಫೋನನ್ನು ಕಸಿದು ನನ್ನ ದಿಂಬಿನ ಕೆಳಗೆ ಇಟ್ಟುಕೊಂಡೆ. ಅದು ಗುರ್ರೆಂದು ನನ್ನ ನಿದ್ದೆಯೂ ಹೋಯಿತು. ಅವಳ ಚಹಾ ಬಿಡಿಸಿದೆ. ತಲೆನೋವು ಬಂತು, ನಿದ್ದೆ ಬರಲಿಲ್ಲ.

ಕೊನೆಗೆ ಒಂದು ರಾತ್ರಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ನರ್ಸಮ್ಮ ಅವಳನ್ನು ಕೇಳಿದಳು: “ಹಗಲೆಲ್ಲಾ ಎಲ್ಲಿ ಕುಂದರ್ತೀಯವ್ವ? ಹಗಲು ಕಣ್ಣಿಗೆ ಬಿದ್ರ ರಾತ್ರಿ ಆತು ಅಂತ ಮೈಗೆ ತಿಳೀತೈತಿ.” ಗುಳಿಗೆ ಇಲ್ಲ, ಇಂಜೆಕ್ಷನ್ ಇಲ್ಲ. ಪುಕ್ಕಟೆ ಔಷಧ ನಾನು ನಂಬುವವಳಲ್ಲ. ಆದರೆ ಮಟಮಟ ಮಧ್ಯಾಹ್ನ ಬುಟ್ಟಿ ಕವುಚಿದರೆ ಕೋಳಿ ರಾತ್ರಿಯಾಯಿತೆಂದು ತೆಪ್ಪಗಾಗುವುದನ್ನು ಕಂಡಿದ್ದೇನೆ. ಮನುಷ್ಯರು ಕೋಳಿಗಿಂತ ಜಾಣರೆಂದು ಹೇಳಿದವರು ಮನುಷ್ಯರೇ.

ಬುತ್ತಿ ಕೊಡುವ ನೆಪದಲ್ಲಿ ಶೆಡ್ಡಿಗೆ ಹೋದೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಟ್ಯೂಬ್‌ಲೈಟು. ಕಿಟಕಿಗಳಿಗೆಲ್ಲ ಗೋಣಿಚೀಲ ಬಡಿದಿದ್ದರು. ರೇಣುಕಾಳ ರಟ್ಟೆ ಹಿಡಿದು ಬಾಗಿಲಿಗೆ ತಂದು ನೋಡಿದೆ. ಬೆಳಗಿನ ಮಬ್ಬಿನಲ್ಲಿ ಹೋಗಿ ಕತ್ತಲಲ್ಲಿ ಬರುವವಳ ಮುಖವನ್ನು, ಅವಳು ಶೆಡ್ಡಿಗೆ ಸೇರಿದಾಗಿನಿಂದ, ನಾನು ಹಗಲಲ್ಲಿ ನೋಡಿಯೇ ಇರಲಿಲ್ಲ. ಸುಣ್ಣ ಬಳಿದ ಗೋಡೆಯಂತಿತ್ತು.

“ಬಿಸಿಲು ಬಿದ್ರ ಬಟ್ಟಿ ಬಣ್ಣ ಹೋಗತೈತಿ ಅಜ್ಜಿ,” ಎಂದ ಸಾಹುಕಾರ.

“ಹೆಣ್ಮಕ್ಕಳ ಬಣ್ಣ ಹೋಗೈತಲ್ಲೋ ಯಪ್ಪಾ! ಬಟ್ಟಿ ಮುಚ್ಚು. ಇವರನ್ಯಾಕ ಮುಚ್ಚಿಟ್ಟಿ?”

ಹೆಂಗಸರು ಕಿಸಕ್ಕನೆ ನಕ್ಕರು. ನಗುತ್ತಾ ಮಿಷನ್ನು ನಿಲ್ಲಿಸಿದರು. ಮಿಷನ್ನು ನಿಂತರೆ ಸಾಹುಕಾರರಿಗೆ ಬುದ್ಧಿ ಬೇಗ ಓಡುತ್ತದೆ. ರಸ್ತೆ ಕಡೆಯ ಕಿಟಕಿಗಳ ಗೋಣಿಚೀಲ ಬಿಚ್ಚಿಸಿದ.

ರೇಣುಕಾಳಿಗೆ ಈಗ ನಿದ್ದೆ ಬರುತ್ತದೆ. ಸೂಜಿ ಬಟ್ಟೆಯಲ್ಲೇ ಇಳಿಯುತ್ತದೆ, ಕೆಲಸ ಉಳಿದಿದೆ. ಬೆಳಕಿನ ಗುಣ ಎನ್ನುತ್ತಾಳೆ ನರ್ಸಮ್ಮ. ಇದ್ದೀತು. ಆದರೆ ರೇಣುಕಾ ಮನೆಗೂ ಬೇಗ ಬರತೊಡಗಿದ್ದಾಳೆ. ಯಾಕೆ ಎಂದರೆ, “ಹೊತ್ತು ಮುಣುಗೋದು ಕಿಟಕ್ಯಾಗ ಕಾಣತೈತಿ ಅತ್ತಿ, ಎಲ್ಲಾರೂ ಎದ್ದುಬಿಡ್ತೀವಿ,” ಎಂದಳು. ಸಾಹುಕಾರ ಹೆದರಿದ್ದು ಬಟ್ಟೆಯ ಬಣ್ಣಕ್ಕೋ, ಸಂಜೆಯ ಬಣ್ಣಕ್ಕೋ, ದೇವರಿಗೇ ಗೊತ್ತು.

ಬಿಚ್ಚಿದ ಗೋಣಿಚೀಲಗಳನ್ನು ಮಾತ್ರ ರೇಣುಕಾಳ ಕೈಯಲ್ಲಿ ಮನೆಗೆ ತರಿಸಿಕೊಂಡೆ. ಅಲ್ಲೇ ಬಿಟ್ಟರೆ ಮತ್ತೆ ಕಿಟಕಿ ಹತ್ತಿಯಾವು. ಅವುಗಳಲ್ಲಿ ಈಗ ಶೇಂಗಾ ತುಂಬಿಟ್ಟಿದ್ದೇನೆ.