ವೀರಭದ್ರನ ಗುಡಿಯಲ್ಲಿ ಸೀಟು ಹಂಚಿಕೆ

ಮಸ್ಕಿಯ ಜನ ದೊಡ್ಡ ಕೆಲಸಗಳನ್ನು ತಾವಾಗಿ ನಿರ್ಧರಿಸಿದವರಲ್ಲ. ತಾನೇ ನಿರ್ಧರಿಸಿ ಕೆಟ್ಟರೆ ಮನೆಮಂದಿಯ ಬೈಗುಳ ತಿನ್ನಬೇಕು. ದೇವರು ನಿರ್ಧರಿಸಿ ಕೆಟ್ಟರೆ ಹಣೆಬರಹ ಎಂದು ಟವೆಲ್ ಜಾಡಿಸಿ ಎದ್ದುಬಿಡಬಹುದು. ಈ ಸೌಕರ್ಯವನ್ನು ಊರಿಗೆ ಬಹಳ ವರ್ಷ ಒದಗಿಸಿದವರು ಕರಿಬಸಯ್ಯನವರು. ಊರ ಅಂಚಿನ ವೀರಭದ್ರನ ಸಣ್ಣ ಗುಡಿಗೆ ಅವರೇ ಪೂಜಾರಿ, ಅವರೇ ಕಸ ಹೊಡೆಯುವವರು, ಹೂವು ಕೇಳುವವರೂ ಅವರೇ.

ಹೂವು ಕೇಳುವುದೆಂದರೆ ಇಷ್ಟೆ. ಕಣಗಿಲೆ ಹೂವಿನ ಎಸಳಿಗೆ ನೀರು ಹಚ್ಚಿ ದೇವರ ಎದೆಯ ಮೇಲೆ ಅಂಟಿಸುವುದು, ಕರ್ಪೂರ ಹಚ್ಚುವುದು. ಕರ್ಪೂರ ಆರುವುದರೊಳಗೆ ಎಸಳು ಬಿದ್ದರೆ ದೇವರು ಹೌದೆಂದ, ನಿಂತರೆ ಒಲ್ಲೆನೆಂದ. ದಾರಿ ಎರಡಿದ್ದರೆ ಬಲಕ್ಕೊಂದು ಎಡಕ್ಕೊಂದು ಎಸಳು. ಬಿದ್ದದ್ದು ದೇವರ ದಾರಿ. ಎತ್ತು ಕೊಳ್ಳಲು, ಬಾವಿ ತೋಡಿಸಲು, ಗಂಡು ನೋಡಲು, ಅಣ್ಣ ತಮ್ಮ ಬೇರೆಯಾಗಲು, ಎಲ್ಲಕ್ಕೂ ಅಯ್ಯನವರ ಎಸಳೇ ಆಗಬೇಕು.

"ನಾ ಹಚ್ಚಾಂವ, ಬೀಳಸಾಂವ ಅಂವ," ಎಂದು ಕರಿಬಸಯ್ಯನವರು ಗರ್ಭಗುಡಿಯ ಕಡೆ ಕೈ ತೋರುತ್ತಿದ್ದರು. ನಾನು ಆ ಗುಡಿಯ ಕಟ್ಟೆಗೆ ಕಾಯಂ ಗಿರಾಕಿ, ಒಳಗಿನದನ್ನೂ ಸ್ವಲ್ಪ ಕಂಡವನು. ಅಷ್ಟು ವರ್ಷ ಎಸಳು ಅಂಟಿಸಿದ ಬೆರಳಿಗೆ, ಎಷ್ಟು ನೀರಿಗೆ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ತಿಳಿದಿರಲಿಲ್ಲವೆಂದರೆ ನಾನಂತೂ ನಂಬುವುದಿಲ್ಲ. ತಿಳಿದೂ ಅವರು ಎಲ್ಲರಿಗೂ ಒಂದೇ ಅಳತೆ ಇಟ್ಟಿದ್ದರು. ತಂಬಿಗೆಯಲ್ಲಿ ಬೆರಳ ತುದಿ ಒಂದು ಸಲ ಅದ್ದಿ ಎಸಳಿನ ಬೆನ್ನಿಗೆ ಸವರುವುದು, ಅಷ್ಟೆ. ಸಾಹುಕಾರನಿಗೂ ಅಷ್ಟೇ, ಕೂಲಿಯವನಿಗೂ ಅಷ್ಟೇ.

ಈ ಅಳತೆಯನ್ನು ಅವರು ಒಂದೇ ಸಲ ಮುರಿದಿದ್ದರು, ಅದೂ ಸ್ವಂತ ಮಗಳ ವಿಷಯದಲ್ಲಿ. ಮಗಳು ಬಸ್ಸಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಇಡೀ ಸಾಲೆಗೆ ಮೊದಲು ಬಂದಳು. ಹೆಡ್‌ಮಾಸ್ತರರೇ ಮನೆಗೆ ಬಂದು, ಲಿಂಗಸೂಗೂರಿಗೆ ಕಾಲೇಜಿಗೆ ಕಳಿಸಿರೆಂದು ಹೇಳಿಹೋದರು. ಅಯ್ಯನವರು ಊರ ಮುಂದೆಯೇ ಹೂವು ಕೇಳಿದರು. ತನ್ನ ಮಗಳಿಗೆ ಸಡಿಲ ಬಿಟ್ಟ ಎಂದು ಯಾರೂ ಅನ್ನಬಾರದೆಂದು ಬೆರಳನ್ನು ಎರಡು ಸಲ ಅದ್ದಿದರು. ಆ ಎಸಳು ಮರುದಿನದ ಪೂಜೆಯವರೆಗೂ ಕದಲಲಿಲ್ಲ. ಅದೇ ವರ್ಷ ಬಸ್ಸಮ್ಮನನ್ನು ಸಂತೆಕಲ್ಲೂರಿಗೆ ಮದುವೆ ಮಾಡಿ ಕೊಟ್ಟರು. ಮನುಷ್ಯ ಅಂದರೆ ಹೀಗಿರಬೇಕು, ಹೆತ್ತ ಮಗಳಿಗೂ ಪಕ್ಷ ವಹಿಸಲಿಲ್ಲ ಎಂದು ಊರು ಕೊಂಡಾಡಿತು. ಕೊಂಡಾಡಲು ಊರಿಗೇನು ಖರ್ಚು?

ಇದಾಗಿ ಹತ್ತು ಹನ್ನೆರಡು ವರ್ಷಕ್ಕೆ, ಎಂಬತ್ತೆಂಟರಲ್ಲಿ, ದಲಾಲಿ ಅಂಗಡಿಯ ಅಮರಗುಂಡಪ್ಪನ ಮಗಳು ಪಿಯುಸಿ ಪಾಸಾದಳು. ಇದೇ ದೇವರಿಗೆ ಹರಕೆ ಹೊತ್ತು ಪಡೆದ ಮಗಳಾದ್ದರಿಂದ ಹೆಸರು ವೀರಭದ್ರಮ್ಮ, ಮನೆಯಲ್ಲಿ ವೀರಿ. ದಿನಾ ಬಸ್ಸಿನಲ್ಲಿ ಲಿಂಗಸೂಗೂರಿಗೆ ನಿಂತೇ ಹೋಗಿ ನಿಂತೇ ಬಂದು ಓದಿದ ಹುಡುಗಿ. ಅವಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಒಂದಲ್ಲ, ಎರಡು. ಒಂದು ಗುಲ್ಬರ್ಗಾ ವಿಶ್ವವಿದ್ಯಾಲಯದ ಕಾಲೇಜು, ಇನ್ನೊಂದು ಧಾರವಾಡದ ವಿಶ್ವವಿದ್ಯಾಲಯಕ್ಕೆ ಸೇರಿದ ಹುಬ್ಬಳ್ಳಿ ಕಡೆಯ ಕಾಲೇಜು. ಒಂದೇ ಸಿಕ್ಕಿದ್ದರೆ ಆ ಮನೆಯಲ್ಲಿ ಸಕ್ಕರೆ ಹಂಚುತ್ತಿದ್ದರು. ಎರಡು ಸಿಕ್ಕಿದ್ದರಿಂದ ಒಲೆ ಹೊತ್ತುವುದೇ ಕಷ್ಟವಾಯಿತು.

ಅಮರಗುಂಡಪ್ಪನಿಗೆ ಗುಲ್ಬರ್ಗಾ ಆಗಬೇಕು. "ಅದು ನಮ್ಮದು ಅನ್ನಾಂಗ ಐತಿ. ಹೋದಾಗೊಮ್ಮೆ ಶರಣರ ಗುಡಿಗೆ ಕಾಯಿ ಒಡಿಸಬಹುದು. ಧಾರವಾಡ ಕಡೆ ಮಂದಿ ನಮ್ಮ ಮಾತು ಕೇಳಿ ನಗತಾರ," ಎನ್ನುವುದು ಅವನ ವಾದ. ಹೆಂಡತಿ ಪಾರ್ವತೆಮ್ಮನ ಅಣ್ಣ ಹುಬ್ಬಳ್ಳಿಯಲ್ಲಿದ್ದ. ಅಣ್ಣನಿಗೆ ಒಬ್ಬ ಮಗನಿದ್ದ. ಓದು ಮುಗಿಯುವುದರೊಳಗೆ ಸೊಸೆಯನ್ನಾಗಿ ಮಾಡಿಕೊಳ್ಳುತ್ತಾರೆ ಎನ್ನುವುದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ, ವಾದ ಬೇರೆಯದೇ ಹೂಡಿದಳು.

"ಗುಲ್ಬರ್ಗಾ ಯುನಿವರ್ಸಿಟಿ ಹುಟ್ಟಿ ಎಂಟು ವರ್ಷ ಆತಂತ. ನಮ್ಮ ವೀರಿಗಿಂತ ಸಣ್ಣದು. ತನಗಿಂತ ಸಣ್ಣದರ ಕೈಯಾಗ ಈಕಿ ಏನ್ ಕಲಿತಾಳ?"

 ಅಂಗಡಿ ಎದುರಿನ ದರ್ಜಿ ಬಾಬುಸಾಬ್, "ಎಲ್ಲಿ ಓದಿದ್ರೂ ಸರ್ಟಿಫಿಕೇಟ್ ಒಂದ ಸೈಜಿಂದು ಕೊಡತಾರ ಸಾವ್ಕಾರ್ರ. ಫ್ರೇಮು ಒಂದ ಹಿಡೀತೈತಿ," ಎಂದು ಸಮಾಧಾನ ಹೇಳಿದ. ಗಂಡ ಹೆಂಡತಿ ಇಬ್ಬರಿಗೂ ಅದು ರುಚಿಸಲಿಲ್ಲ.

ಇವರಿಬ್ಬರ ಜಗಳವನ್ನು ಮನೆಯ ಕಟ್ಟೆಯ ಮೇಲೆ ಕೂತು ಸಂತೋಷದಿಂದ ಕೇಳುತ್ತಿದ್ದವಳು ಅಮರಗುಂಡಪ್ಪನ ತಾಯಿ ಗದ್ದೆಮ್ಮ. ಕಾಲುವೆ ಬಯಲಿನ ವಳಕಮದಿನ್ನಿ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಗಟ್ಟಿ ಮುದುಕಿ. ಆಕೆಗೆ ಎರಡೂ ಬೇಡ. ಹತ್ತಿರದಲ್ಲೇ ಭತ್ತದ ಗದ್ದೆಯ ಒಂದು ಮನೆತನ ನೋಡಿಟ್ಟಿದ್ದಳು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎನ್ನುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. "ಯಾಕ ಬಡದಾಡತೀರಿ? ಹೂ ಕೇಳ್ರಿ," ಎಂದಳು. ಸೇರುವ ಕೊನೆಯ ದಿನ ಎರಡೂ ಕಡೆ ಅದೇ ವಾರವಿತ್ತು. ಶ್ರಾವಣ ಸೋಮವಾರ ಹೂವು ಕೇಳುವುದೆಂದು ನಿಶ್ಚಯವಾಯಿತು. ಬಲಕ್ಕೆ ಗುಲ್ಬರ್ಗಾ, ಎಡಕ್ಕೆ ಧಾರವಾಡ. ಎರಡೂ ಬೀಳದಿದ್ದರೆ ಏನೆಂದು ಗದ್ದೆಮ್ಮ ಬಾಯಿಂದ ಆಡಲಿಲ್ಲ. ಎಲ್ಲರಿಗೂ ಗೊತ್ತೇ ಇತ್ತು.

ದೇವರ ಮೇಲೆ ಆ ಮನೆಯವರಿಗೆ ಅಪಾರ ಭಕ್ತಿ. ಆದರೂ ಒಂದು ಮಾತು ಕಿವಿಯಲ್ಲಿ ಹಾಕಿರುವುದು ಒಳ್ಳೆಯದೆಂದು ಒಬ್ಬೊಬ್ಬರಾಗಿ ಗುಡಿಗೆ ಬಂದರು. ಇವನ್ನೆಲ್ಲ ಕರಿಬಸಯ್ಯನವರೇ ಮುಂದೆ ನನಗೆ ಹೇಳಿದ್ದು. ಅಮರಗುಂಡಪ್ಪ ದೀಪಕ್ಕೆ ಎಣ್ಣೆಯ ಡಬ್ಬಿ ಹಿಡಿದು ಬಂದು, "ಬಲಕಿಂದು ಬಿದ್ರ ಚಲೋ ಆಕ್ಕೈತ್ರಿ ಅಯ್ಯಾರ," ಎಂದ. ಪಾರ್ವತೆಮ್ಮ ಬಿಸಿ ಹೋಳಿಗೆ ತಂದು, "ಎಡಗಡಿ ಹೂವಿನ ಮ್ಯಾಲ ನಿಮ್ಮ ಆಶೀರ್ವಾದ ಇರಲ್ರಿ," ಎಂದಳು. ಗದ್ದೆಮ್ಮ ಬರಿಗೈಯಲ್ಲಿ ಬಂದಳು. "ನಿಮ್ಮ ಗುಡಿಗೆ ಬಾಗಿಲಾ ಮಾಡಿಸಿದ್ದು ನಮ್ಮ ಮಾವ. ನೆಪ್ಪಿರಲಿ. ಎರಡೂ ನಿಲ್ಲಬೇಕು," ಎಂದಳು. ಅಯ್ಯನವರು ಮೂವರಿಗೂ ಒಂದೇ ಉತ್ತರ ಕೊಟ್ಟರು. ಬೀಳಸಾಂವ ಅಂವ.

ಕೊನೆಗೆ ಹೊತ್ತು ಇಳಿದ ಮೇಲೆ ವೀರಿ ಬಂದಳು. ಅಯ್ಯನವರು ಹುಣಸೆಹಣ್ಣು ಹಚ್ಚಿ ಪೂಜೆಯ ತಂಬಿಗೆ ಬೆಳಗುತ್ತಿದ್ದರು.

"ಎಲ್ಲಾರೂ ಬಂದು ಹೋದ್ರೇನ್ರಿ ಅಯ್ಯಾರ?"

"ಬಂದು ಹೋಗ್ಯಾರವ್ವ. ನೀನೊಬ್ಬಾಕಿ ಉಳದಿದ್ದಿ. ಹೇಳು, ಬಲಕೋ ಎಡಕೋ?"

"ಯಾವುದರ ಆಗಲಿರಿ. ಒಂದು ಬಿದ್ರ ಸಾಕು."

"ಕಲ್ತಾಕಿ ನೀ. ಎರಡರಾಗ ಚಲೋದು ಯಾವುದು ಅಂತ ನಿನಗ ಗೊತ್ತಿಲ್ಲೇನು?"

"ಅದನ್ನ ಅಪ್ಪ, ಅವ್ವ ನೋಡಿಕೊಳ್ಳಾಕತ್ತಾರ್ರಿ. ನನ್ನ ಮುಂದ ಇರೂದು ಎರಡು ಯುನಿವರ್ಸಿಟಿ ಅಲ್ರಿ. ಹೋಗೂದು, ಇಲ್ಲಾ ಇಲ್ಲೇ ಇರೂದು."

 ವೀರಿ ಎದ್ದು ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು:

"ಬಸ್ಸಮ್ಮಕ್ಕನ ಹೂ ಬೀಳಲಿಲ್ಲಂತ, ಹೌದೇನ್ರಿ?"

ಅವರು ಬೆಳಗಿದ ತಂಬಿಗೆಯನ್ನೇ ಮತ್ತೊಮ್ಮೆ ಬೆಳಗತೊಡಗಿದರು.

ಸೋಮವಾರ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎತ್ತಿನ ಹೂವು, ಬಾವಿಯ ಹೂವು ಎಲ್ಲ ನೋಡಿದ್ದ ಜನರಿಗೆ ಯುನಿವರ್ಸಿಟಿಯ ಹೂವು ಹೊಸದು. ನಾನು ಹೊಸ್ತಿಲ ಹತ್ತಿರವೇ ಜಾಗ ಹಿಡಿದಿದ್ದೆ. ಕರಿಬಸಯ್ಯನವರು ಎರಡು ಎಸಳು ತೆಗೆದುಕೊಂಡರು. ಬೆರಳು ತಂಬಿಗೆಯ ಕಡೆ ಹೋಯಿತು, ಒದ್ದೆ ಅಂಚನ್ನು ಮುಟ್ಟಿದಂತೆ ಮಾಡಿ ಹಿಂದಕ್ಕೆ ಬಂತು. ನೀರಿನೊಳಗೆ ಇಳಿಯಲಿಲ್ಲ. ನನ್ನ ಕಣ್ಣು ಆಗ ಚೆನ್ನಾಗಿಯೇ ಇತ್ತು.

ಕರ್ಪೂರ ಅರ್ಧ ಉರಿಯುವುದರೊಳಗೆ ಬಲಗಡೆಯ ಎಸಳು ಬಿತ್ತು. "ಗುಲ್ಬರ್ಗಾ!" ಎಂದು ಅಮರಗುಂಡಪ್ಪ ಕೈಮುಗಿದ. ಮುಗಿದ ಕೈ ಇಳಿಸುವಷ್ಟರಲ್ಲಿ ಎಡಗಡೆಯದೂ ಬಿತ್ತು. "ಧಾರವಾಡ!" ಎಂದು ಪಾರ್ವತೆಮ್ಮ ಅಡ್ಡಬಿದ್ದಳು. ಗಂಡ ಒಂದು ಕೊಡು ಎಂದ, ದೇವರು ಕೊಟ್ಟ. ಹೆಂಡತಿ ಇನ್ನೊಂದು ಕೊಡು ಎಂದಳು, ಅದನ್ನೂ ಕೊಟ್ಟ. ಬೇರೆಯದು ಬೀಳಬಾರದೆಂದು ಇಬ್ಬರೂ ಮೊದಲೇ ಹೇಳಿರಲಿಲ್ಲವಲ್ಲ.

ಮೊದಲು ಬಿದ್ದದ್ದೇ ಲೆಕ್ಕ ಎಂದು ಅವನು, ಕೊನೆಯ ಮಾತೇ ದೇವರ ಮಾತು ಎಂದು ಅವಳು, ಗರ್ಭಗುಡಿಯ ಮುಂದೆಯೇ ಶುರುವಾಯಿತು. ಗದ್ದೆಮ್ಮ ಕೋಲು ಕುಟ್ಟಿದಳು. "ಎರಡೂ ಬಿದ್ರ ಎರಡೂ ಕೆಟ್ಟಂಗ. ಹುಡುಗಿ ಮನ್ಯಾಗ ಇರಲಿ."

ಕರಿಬಸಯ್ಯನವರು ಆ ದಿನ ಏರಿಸಿದ ಧ್ವನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಬಿದ್ರ ಹೌದು ಅಂತ ನಿಮ್ಮ ಮಾವನ ಕಾಲದಿಂದ ನಡದು ಬಂದೈತ್ರಿ ಗದ್ದೆಮ್ಮ. ನಿಮ್ಮ ಸಲುವಾಗಿ ಇವತ್ತು ಬದಲಿ ಮಾಡಾಕ ಬರಂಗಿಲ್ಲ. ಎರಡಕ್ಕೂ ಹೌದು ಅಂದಾನ. ಯಾವುದು ಅಂತ ಇನ್ನ ಓದಾಕಿನ್ನ ಕೇಳ್ರಿ."

ಎಲ್ಲರೂ ವೀರಿಯ ಕಡೆ ತಿರುಗಿದರು. ಈ ಇಡೀ ಪ್ರಕರಣದಲ್ಲಿ ಅವಳ ಕಡೆ ಮನೆಯವರು ತಿರುಗಿ ನೋಡಿದ್ದು ಅದೇ ಮೊದಲೆಂದು ನನ್ನ ಅಂದಾಜು. ಅಪ್ಪನ ಊರು ಎಂದರೆ ಅವ್ವ ಬಿಡಳು, ಅವ್ವನ ಊರು ಎಂದರೆ ಅಪ್ಪ ಬಿಡನು. ಜಗಳ ಉಳಿದರೆ ಅಜ್ಜಿ ಕಾದೇ ಇದ್ದಾಳೆ. ಹುಡುಗಿ ಜಾಣೆ.

"ನಾಳಿ ಮುಂಜಾನಿ ಮೊದಲ ಯಾವ ಬಸ್ ಬರತೈತೋ ಅದನ್ನ ಹತ್ತತೀನಿ," ಎಂದಳು. "ಬಸ್ಸಿಗೆ ಯಾವ ಪಕ್ಷಾನೂ ಇರಂಗಿಲ್ಲ."

ಗುಲ್ಬರ್ಗಾದ ಬಸ್ಸು ಸಿಂಧನೂರಿನ ಕಡೆಯಿಂದ ಬರಬೇಕು, ಹುಬ್ಬಳ್ಳಿಯದು ಲಿಂಗಸೂಗೂರಿನ ಕಡೆಯಿಂದ. ಎರಡೂ ಹೇಳಿದ ಹೊತ್ತಿಗೆ ಬಂದ ದಾಖಲೆ ಇಲ್ಲ. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಅಮರಗುಂಡಪ್ಪ ಸಿಂಧನೂರಿನ ಕಡೆ ಮುಖ ಮಾಡಿ ನಿಂತ, ಪಾರ್ವತೆಮ್ಮ ಅವನಿಗೆ ಬೆನ್ನು ಹಾಕಿ ಲಿಂಗಸೂಗೂರಿನ ಕಡೆ. ನಡುವೆ ಟ್ರಂಕಿನ ಮೇಲೆ ವೀರಿ. ಬಸ್ಸು ಬರುವ ಸದ್ದಾದಾಗ ನಾವೆಲ್ಲ ಹೋಟೆಲಿನಿಂದ ಹೊರಗೆ ಬಂದೆವು. ಲಿಂಗಸೂಗೂರಿನ ಕಡೆ ಧೂಳೆದ್ದಿತು. ಪಾರ್ವತೆಮ್ಮನ ದೇವರು ಗೆದ್ದ. ವೀರಿ ಬಸ್ಸಿನ ಬೋರ್ಡು ಸಹ ಓದಲಿಲ್ಲ, ಟ್ರಂಕು ಎತ್ತಿ ಹತ್ತಿಬಿಟ್ಟಳು. ಗುಲ್ಬರ್ಗಾದ ಬಸ್ಸು ಸ್ವಲ್ಪ ಹೊತ್ತಿಗೇ ಬಂತು.

"ಆ ಡ್ರೈವರ್ ಸಿಂಧನೂರಾಗ ಎರಡನೇ ಚಾ ಕುಡೀದಿದ್ರ ನನ್ನ ಮಗಳು ಗುಲ್ಬರ್ಗಾದಾಗ ಓದತಿದ್ಲು," ಎಂದು ಅಮರಗುಂಡಪ್ಪ ಬಹಳ ವರ್ಷ ಹೇಳಿಕೊಂಡು ತಿರುಗಿದ. ಪಾರ್ವತೆಮ್ಮನ ಗೆಲುವೂ ದಕ್ಕಲಿಲ್ಲ. ವೀರಿ ಓದಿ ಓದಿ ಎಷ್ಟು ಮುಂದೆ ಹೋದಳೆಂದರೆ, ನಮ್ಮ ಹುಡುಗನಿಗಿಂತ ಹೆಚ್ಚು ಕಲಿತವಳು ಬೇಡವೆಂದು ಅಣ್ಣನೇ ಹೇಳಿಕಳಿಸಿದ. ತೊಂಬತ್ತರ ದಶಕದಲ್ಲಿ ಅವಳು ಕಾಲುವೆ ಇಲಾಖೆಯ ಇಂಜಿನಿಯರಾಗಿ ಸಿಂಧನೂರಿಗೇ ಬಂದಳು. ತನ್ನ ತವರು ವಳಕಮದಿನ್ನಿಯ ಗದ್ದೆಗೆ ಸ್ವಲ್ಪ ಹೆಚ್ಚು ನೀರು ಬಿಡಿಸು ಎಂದು ಮೊದಲು ಕೇಳಿದವಳು ಗದ್ದೆಮ್ಮ. ವೀರಿ ಬಿಡಲಿಲ್ಲ. ಇದಕ್ಕೇ ಹೆಣ್ಣುಮಕ್ಕಳನ್ನು ಓದಿಸಬಾರದು ಎಂದು ಮುದುಕಿ ಸಾಯುವ ತನಕ ಹೇಳಿದಳು.

ಈ ಕಡೆ ಕರಿಬಸಯ್ಯನವರಿಗೆ ಕೈತುಂಬ ಕೆಲಸ. ರಿಸಲ್ಟ್ ಬಂತೆಂದರೆ ಗುಡಿಯ ಮುಂದೆ ಸಾಲು. ಗಂಡುಹುಡುಗರ ಎಸಳು ಬೀಳುತ್ತಿತ್ತು, ನಿಲ್ಲುತ್ತಿತ್ತು. ಹೆಣ್ಣುಮಕ್ಕಳ ಓದಿನ ಎಸಳು ಮಾತ್ರ ಆಮೇಲೆ ಒಂದೂ ನಿಲ್ಲಲಿಲ್ಲ. ವೀರಭದ್ರನಿಗೆ ಹೆಣ್ಣುಮಕ್ಕಳ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದು ಊರು ತಿಳಿಯಿತು. ದೇವರು ಬದಲಾದನೆಂದು ನಂಬಲು ಜನ ತಯಾರಿದ್ದರು, ಪೂಜಾರಿ ಬದಲಾಗಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ತೊಂಬತ್ತಾರರ ಪಂಚಮಿಗೆ ಬಸ್ಸಮ್ಮ ತವರಿಗೆ ಬಂದಳು. ಜೊತೆಗೆ ಗಂಡ ಮತ್ತು ಎಸ್ಸೆಸ್ಸೆಲ್ಸಿ ಪಾಸಾದ ಮಗಳು. ಗಂಡನಿಗೆ ಮಗಳ ಮದುವೆಯ ಅವಸರ. ಮಾವನವರ ದೇವರೇ ಹೇಳಲಿ, ಓದಿಸುವುದೋ ಬೇಡವೋ ಎಂದ. ಅಯ್ಯನವರು ಒಳಗೆ ಹೋಗಿ ಎಸಳು ಹಚ್ಚಿದರು. ಮೊಮ್ಮಗಳ ಎಸಳು ಅವರು ಬೆರಳು ತೆಗೆಯುವುದನ್ನೂ ಕಾಯದೆ ಬಿತ್ತು. ಅಳಿಯ ಕೆನ್ನೆ ಬಡಿದುಕೊಂಡು, ದೇವರ ಮಾತಿಗೆ ಎದುರಾಡುವುದುಂಟೇ ಎಂದು ಮಗಳನ್ನು ಕರೆದುಕೊಂಡು ಹೊರಗೆ ಹೋದ.

ನಾನು ಕಟ್ಟೆಯ ಮೇಲಿದ್ದೆ. ಒಳಗೆ ಅಪ್ಪ ಮಗಳು ಇಬ್ಬರೇ. ಬಸ್ಸಮ್ಮ ಬಗ್ಗಿ ಬಿದ್ದ ಎಸಳನ್ನು ಎತ್ತಿಕೊಂಡಳು, ಹೊರಳಿಸಿ ಅದರ ಬೆನ್ನು ಸವರಿದಳು.

"ಅಪ್ಪಾ, ಇದು ಒಣಾ ಐತಿ."

ಅಯ್ಯನವರು ಆರತಿ ತಟ್ಟೆಯ ಬೂದಿ ಒರೆಸುತ್ತಿದ್ದರು.

"ನನ್ನ ಹೂವಿಗೆ ಎಷ್ಟು ನೀರು ಹಚ್ಚಿದ್ದಿ?"

"ಎರಡು ಸಲ ಅದ್ದಿದ್ದೆ ಯವ್ವಾ," ಎಂದರು ಅವರು ತಟ್ಟೆಯನ್ನು ಕೆಳಗಿಟ್ಟು. "ಮಂದಿ ಏನರ ಅಂದಾರು ಅಂತ."

ಬಸ್ಸಮ್ಮ ಎಸಳನ್ನು ದೇವರ ಪಾದದ ಹತ್ತಿರ ಇಟ್ಟಳು.

"ಮಂದಿ ಭಾಳ ಹೊಗಳಿದ್ರು, ಅಪ್ಪಾ," ಎಂದು ಸೆರಗು ಸರಿಮಾಡಿಕೊಂಡು, ಮಗಳನ್ನು ಕೂಗುತ್ತ ಹೊರಗೆ ಬಂದಳು.